ಇಸಿಜಿ ಗೆರೆ ನಡುಗಿದರೆ ಹೃದಯ ಕೆಟ್ಟಿದೆಯೇ? ಸ್ಟೀರಿಯೋ ಕೊಟ್ಟ ಅಲನ್ ಬ್ಲೂಮ್‌ಲೈನ್‌ನ ಇನ್ನೊಂದು ಕಥೆ

ಇಸಿಜಿ ಕಾಗದದ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕುವುದು ಈಗ ಮಾಮೂಲು. ಗೆರೆ ತೆಳ್ಳಗೆ, ಶುಚಿಯಾಗಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಗೆರೆ ದಪ್ಪಗಾಗಿ, ಗರಗಸದ ಹಲ್ಲಿನ ಹಾಗೆ ಸಣ್ಣಗೆ ನಡುಗಿದ್ದರೆ ಮಾತ್ರ ಗ್ರೂಪಿನಲ್ಲಿ ಗಾಬರಿ ಶುರು. ಹೃದಯದ ಬಡಿತ ತಪ್ಪಿದೆ ಎಂದು ಒಬ್ಬರು, ಯಂತ್ರವೇ ಮೋಸ ಎಂದು ಇನ್ನೊಬ್ಬರು.

ಆ ನಡುಕ ಎಲ್ಲ ಕಡೆ ಒಂದೇ ಸಮನಾಗಿದ್ದರೆ ಒಂದು ಕೆಲಸ ಮಾಡಬಹುದು. ಸಾಮಾನ್ಯ ವೇಗದಲ್ಲಿ, ಅಂದರೆ ಸೆಕೆಂಡಿಗೆ 25 ಮಿಲಿಮೀಟರ್‌ನಂತೆ ಓಡುವ ಕಾಗದದಲ್ಲಿ ಒಂದು ದೊಡ್ಡ ಚೌಕ ಎಂದರೆ 0.2 ಸೆಕೆಂಡು. ಆ ಚೌಕದೊಳಗೆ ಸರಿಯಾಗಿ 10 ಹಲ್ಲುಗಳಿದ್ದರೆ ಸೆಕೆಂಡಿಗೆ 50 ಆಯಿತು. ನಮ್ಮ ಮನೆ, ಆಸ್ಪತ್ರೆಗಳ ಗೋಡೆಯೊಳಗೆ ಹರಿಯುವ ಕರೆಂಟಿನ ಲೆಕ್ಕವೂ ಅದೇ 50. ಅಂಥ ನಡುಕ ಬಹುಮಟ್ಟಿಗೆ ಹೃದಯದ್ದಲ್ಲ, ಕರೆಂಟಿನದು. (ಇದು ಗಾಬರಿ ಕಡಿಮೆ ಮಾಡಲು ಹೇಳಿದ ಮಾತು, ವೈದ್ಯರ ಬದಲಿಗೆ ಅಲ್ಲ. ಎದೆನೋವಿದ್ದರೆ ಚೌಕ ಎಣಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.)

ಹೃದಯದ ವಿದ್ಯುತ್ ಸಂಕೇತ ಚರ್ಮದ ಮೇಲೆ ಸುಮಾರು 1 ಮಿಲಿವೋಲ್ಟ್ ಮಾತ್ರ. ಸುತ್ತಲಿನ ವೈರಿಂಗ್‌ನಿಂದ ಮೈ ಹೀರಿಕೊಳ್ಳುವ ಗದ್ದಲ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿರಬಹುದು. ಹಾಗಿದ್ದರೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಇಷ್ಟು ಗದ್ದಲದ ನಡುವೆ ಗೆರೆ ಸಾಮಾನ್ಯವಾಗಿ ಶುಚಿಯಾಗಿ ಬರುವುದಾದರೂ ಹೇಗೆ? ಅದಕ್ಕೆ ಕಾರಣ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಎಂಬ ಸರ್ಕ್ಯೂಟ್. ಎರಡು ಕಡೆಯಿಂದ ಬರುವ ಸಂಕೇತಗಳಲ್ಲಿ ಸಮಾನವಾಗಿರುವುದನ್ನು ಬಿಟ್ಟು ವ್ಯತ್ಯಾಸವನ್ನಷ್ಟೇ ದೊಡ್ಡದು ಮಾಡುವುದು ಇದರ ಕೆಲಸ. ಇಂದು ಎಲ್ಲೆಲ್ಲೂ ಬಳಕೆಯಲ್ಲಿರುವ ಇದರ ರೂಪಕ್ಕೆ 1936ರಲ್ಲಿ ಪೇಟೆಂಟ್ ಕೋರಿದವನು ಲಂಡನ್ನಿನ ಎಂಜಿನಿಯರ್ ಅಲನ್ ಡೋವರ್ ಬ್ಲೂಮ್‌ಲೈನ್. ಸ್ಟೀರಿಯೋ ಧ್ವನಿಯ ಜನಕ ಎಂದು ಹೆಸರಾದವನೂ ಇದೇ ಬ್ಲೂಮ್‌ಲೈನ್. ಆ ಕಥೆ ಎಷ್ಟೋ ಜನರಿಗೆ ಗೊತ್ತು. ಈ ಕಥೆ ಅಷ್ಟಾಗಿ ಗೊತ್ತಿಲ್ಲ.

ಕರೆಗಂಟೆ ರಿಪೇರಿಯ ಬಿಲ್ಲು

ಬ್ಲೂಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪೌರತ್ವ ಪಡೆದವರು. ತಾಯಿ ದಕ್ಷಿಣ ಆಫ್ರಿಕಾದಲ್ಲಿದ್ದ ಸ್ಕಾಟಿಷ್ ಮಿಷನರಿಯೊಬ್ಬರ ಮಗಳು. ಏಳು ವರ್ಷದ ಹುಡುಗ ಮನೆಯ ಕರೆಗಂಟೆ ರಿಪೇರಿ ಮಾಡಿ, ಎಲೆಕ್ಟ್ರಿಕಲ್ ಎಂಜಿನಿಯರ್ ಎಂದು ಸಹಿ ಹಾಕಿ ಅಪ್ಪನಿಗೇ ಬಿಲ್ಲು ಕೊಟ್ಟನೆಂಬ ಕಥೆ ಪ್ರಸಿದ್ಧ. ಹನ್ನೆರಡು ವರ್ಷದವರೆಗೆ ಓದಲು ಬರುತ್ತಿರಲಿಲ್ಲ, ಗಣಿತ ಮಾತ್ರ ಬರುತ್ತಿತ್ತು ಎಂಬುದು ಇನ್ನೊಂದು. ಇದನ್ನು ಆತನೇ ಹೇಳಿಕೊಳ್ಳುತ್ತಿದ್ದನಂತೆ. ಇಂಥ ಕಥೆಗಳನ್ನು ಹಿಡಿದು ಓದದ ಮಕ್ಕಳೆಲ್ಲ ವಿಜ್ಞಾನಿಗಳಾಗುತ್ತಾರೆ ಎಂದು ಫಾರ್ವರ್ಡ್ ಮಾಡುವವರಿಗೆ ಒಂದು ಸಣ್ಣ ತಿದ್ದುಪಡಿ: ಈ ಹುಡುಗ ಮುಂದೆ ಹೈಗೇಟ್ ಶಾಲೆಯಲ್ಲಿ ಓದಿ, 1923ರಲ್ಲಿ ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜಿನಿಂದ ಪ್ರಥಮ ದರ್ಜೆಯಲ್ಲಿ ಪದವಿ ಪಡೆದ.

1924ರಲ್ಲಿ ಸೇರಿದ್ದು ಟೆಲಿಫೋನ್ ಕಂಪನಿಗೆ. ಅಲ್ಲಿ ಎದುರಾದದ್ದು ಹಳೆಯ ಲ್ಯಾಂಡ್‌ಲೈನ್ ಬಳಸಿದವರಿಗೆಲ್ಲ ನೆನಪಿರುವ ತೊಂದರೆ: ನಾವು ಮಾತಾಡುತ್ತಿರುವಾಗ ಹಿನ್ನೆಲೆಯಲ್ಲಿ ಯಾರದೋ ಮಾತು ಕೇಳಿಸುವುದು. ಟೆಲಿಫೋನ್ ಮಾತು ಎರಡು ತಂತಿಗಳ ಜೋಡಿಯಲ್ಲಿ ಸಾಗುತ್ತದೆ. ಪಕ್ಕದ ಜೋಡಿಯ ಪ್ರಭಾವ ಈ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದರೆ ಏನೂ ಕೇಳಿಸದು. ಒಂದರ ಮೇಲೆ ಕೂದಲೆಳೆಯಷ್ಟು ಹೆಚ್ಚು ಬಿದ್ದರೂ ಆ ಹೆಚ್ಚುವರಿ ಭಾಗ ಮಾತಾಗಿ ಕಿವಿಗೆ ಬರುತ್ತದೆ. ಆ ಅಸಮತೆಯನ್ನು ಅಳೆದು ಕಡಿಮೆ ಮಾಡುವುದೇ ಬ್ಲೂಮ್‌ಲೈನ್‌ನ ಮೊದಲ ದೊಡ್ಡ ಕೆಲಸವಾಯಿತು.

ಅಷ್ಟು ಸಣ್ಣ ವ್ಯತ್ಯಾಸ ಅಳೆಯಲು ಆತ 1928ರಲ್ಲಿ ಹೊಸ ಬಗೆಯ ಬ್ರಿಡ್ಜ್ ಸರ್ಕ್ಯೂಟ್ ಮಾಡಿದ. ಹಳೆಯ ಬ್ರಿಡ್ಜ್‌ಗಳಲ್ಲಿ ಹೋಲಿಕೆಗೆ ರೆಸಿಸ್ಟರ್‌ಗಳನ್ನು ಬಳಸುತ್ತಿದ್ದರು. ಬಿಸಿಯಾದರೆ ರೆಸಿಸ್ಟರ್‌ನ ಬೆಲೆ ಬದಲಾಗುತ್ತದೆ, ವಯಸ್ಸಾದರೂ ಬದಲಾಗುತ್ತದೆ. ಬ್ಲೂಮ್‌ಲೈನ್ ಆ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಸುರುಳಿಗಳನ್ನಿಟ್ಟ. ಈ ಕಡೆ 100 ಸುತ್ತು, ಆ ಕಡೆ 100 ಸುತ್ತು ಎಂದರೆ ಚಳಿಯಲ್ಲೂ ಅಷ್ಟೇ, ಸೆಕೆಯಲ್ಲೂ ಅಷ್ಟೇ. ಬಿಡಿಭಾಗದ ಒಳ್ಳೆಯತನವನ್ನು ನಂಬಿ ಕೂರದೆ, ಅದು ಸ್ವಲ್ಪ ತಪ್ಪಿದರೂ ಕೆಲಸ ಕೆಡದಂತೆ ಸರ್ಕ್ಯೂಟ್ ಕಟ್ಟುವುದು ಆತನ ಜೀವನಪೂರ್ತಿ ಹಟ. ಆತನ ಜೊತೆ ದುಡಿದವರು ಮತ್ತೆ ಮತ್ತೆ ನೆನೆದಿರುವುದೂ ಇದನ್ನೇ: ಕಾಗದದ ಮೇಲೆ ಲೆಕ್ಕ ಹಾಕಿದ ಹಾಗೆಯೇ ಮೇಜಿನ ಮೇಲೂ ನಡೆಯುವ ಸರ್ಕ್ಯೂಟ್ ಬೇಕು ಎಂಬುದು ಆತನ ಪಟ್ಟು.

1929ರಲ್ಲಿ ಆತ ಕೊಲಂಬಿಯಾ ಗ್ರಾಫೋಫೋನ್ ಕಂಪನಿಗೆ ಬಂದ. 1931ರಲ್ಲಿ ಅದು ಇನ್ನೊಂದು ಕಂಪನಿಯ ಜೊತೆ ಸೇರಿ ಇಎಂಐ ಆಯಿತು. ಸ್ಟೀರಿಯೋ ಹುಟ್ಟಿದ್ದು ಇಲ್ಲೇ. ಸಿನಿಮಾ ನೋಡುವಾಗ ನಟ ಪರದೆಯ ಒಂದು ತುದಿಯಲ್ಲಿದ್ದರೂ ದನಿ ಇನ್ನೆಲ್ಲಿಂದಲೋ ಬರುವುದು ಆತನಿಗೆ ಕಿರಿಕಿರಿಯಾಯಿತಂತೆ. 1931ರ ಡಿಸೆಂಬರ್ 14ರಂದು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ 70 ಹಕ್ಕುಗಳಿದ್ದವು. ಒಂದೇ ಗಾಡಿಯೊಳಗೆ ಎರಡು ದನಿ ಕೊರೆಯುವ ರೆಕಾರ್ಡ್ ಅದರಲ್ಲಿತ್ತು. ಅಂಥ ರೆಕಾರ್ಡ್‌ಗಳು ಅಂಗಡಿಗೆ ಬಂದದ್ದು 1950ರ ದಶಕದ ಕೊನೆಗೆ. ಹಾಗೆಂದು ಎರಡು ಕಿವಿಗೆ ಎರಡು ದನಿ ಎಂಬ ಯೋಚನೆ ಮೊದಲು ಬಂದದ್ದು ಈತನಿಗೇ ಎನ್ನುವುದೂ ತಪ್ಪು. 1881ರಲ್ಲೇ ಪ್ಯಾರಿಸ್‌ನಲ್ಲಿ ಕ್ಲೆಮಾಂ ಅಡೇರ್ ಎಂಬಾತ ಒಪೆರಾ ಸಂಗೀತವನ್ನು ಎರಡು ಟೆಲಿಫೋನ್‌ಗಳಲ್ಲಿ ಕೇಳಿಸಿದ್ದ.

ಉದ್ದ ಬಾಲದ ಜೋಡಿ

ಆಮೇಲೆ ಟಿವಿ ಬಂತು. ಬಿಬಿಸಿ 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಟಿವಿ ಪ್ರಸಾರ ಶುರುಮಾಡಿತು. ಅದರ 405 ಗೆರೆಗಳ ವ್ಯವಸ್ಥೆ ಕಟ್ಟಿದ ತಂಡದಲ್ಲಿ ಬ್ಲೂಮ್‌ಲೈನ್ ಮುಖ್ಯನಾಗಿದ್ದ. ಮುಂದಿನ ವರ್ಷ ಮೇ 12ಕ್ಕೆ ಆರನೇ ಜಾರ್ಜ್ ದೊರೆಯ ಪಟ್ಟಾಭಿಷೇಕ. ಹೈಡ್ ಪಾರ್ಕ್ ಕಾರ್ನರ್‌ನಲ್ಲಿ ನಿಂತ ಕ್ಯಾಮೆರಾಗಳ ಚಿತ್ರವನ್ನು ನಗರದ ನೆಲದಡಿ ಹಾಸಿದ ಕೇಬಲ್‌ನಲ್ಲಿ ಅಲೆಕ್ಸಾಂಡ್ರಾ ಪ್ಯಾಲೆಸ್‌ಗೆ ತರಬೇಕಿತ್ತು. ದಾರಿಯುದ್ದಕ್ಕೂ ಲಂಡನ್ನಿನ ವಿದ್ಯುತ್ ಗದ್ದಲ.

ಆ ಕೇಬಲ್‌ನಲ್ಲೂ ಟೆಲಿಫೋನಿನ ಹಾಗೆ ಎರಡು ತಂತಿಗಳ ಸಮತೂಕದ ಜೋಡಿ. ಗದ್ದಲ ಎರಡಕ್ಕೂ ಸಮ, ಚಿತ್ರದ ಸಂಕೇತ ಮಾತ್ರ ಎರಡರ ನಡುವಿನ ವ್ಯತ್ಯಾಸದಲ್ಲಿ. ಟೆಲಿಫೋನಿನಲ್ಲಾದರೆ ಕೊನೆಯಲ್ಲೊಂದು ಟ್ರಾನ್ಸ್‌ಫಾರ್ಮರ್ ಇಟ್ಟು ವ್ಯತ್ಯಾಸ ತೆಗೆಯಬಹುದು. ಟಿವಿ ಸಂಕೇತ ತೀರ ನಿಧಾನದ ಏರಿಳಿತದಿಂದ ಸೆಕೆಂಡಿಗೆ ಲಕ್ಷಾಂತರ ಏರಿಳಿತದವರೆಗೆ ಹರಡಿರುತ್ತದೆ. ಅದನ್ನೆಲ್ಲ ಒಂದು ಟ್ರಾನ್ಸ್‌ಫಾರ್ಮರ್ ನಿಭಾಯಿಸುವುದು ಕಷ್ಟ. ಆದ್ದರಿಂದ ವಾಲ್ವ್‌ಗಳಿಂದಲೇ ವ್ಯತ್ಯಾಸ ತೆಗೆಯಬೇಕು. ತೊಂದರೆ ಏನೆಂದರೆ ಒಂದು ವಾಲ್ವ್‌ನ ಹಾಗೆ ಇನ್ನೊಂದಿರುವುದಿಲ್ಲ.

ಬ್ಲೂಮ್‌ಲೈನ್‌ನ ಉಪಾಯ ನೋಡಲು ತೀರ ಸರಳ. ಎರಡು ವಾಲ್ವ್‌ಗಳ ಕೆಳತುದಿಗಳನ್ನು ಒಟ್ಟಿಗೆ ಕಟ್ಟಿ, ಅಲ್ಲಿಂದ ಒಂದೇ ದೊಡ್ಡ ರೆಸಿಸ್ಟರ್ ಇಳಿಬಿಟ್ಟ. ಸರ್ಕ್ಯೂಟಿನ ಚಿತ್ರದಲ್ಲಿ ಅದು ಬಾಲದ ಹಾಗೆ ಕಾಣುವುದರಿಂದ ಇದಕ್ಕೆ ಉದ್ದ ಬಾಲದ ಜೋಡಿ ಎಂದೇ ಹೆಸರು. ಬಾಲದಲ್ಲಿ ಹರಿಯುವ ಒಟ್ಟು ಕರೆಂಟು ಹೆಚ್ಚುಕಡಿಮೆ ಬದಲಾಗದು. ಒಂದು ವಾಲ್ವ್ ಹೆಚ್ಚು ತೆಗೆದುಕೊಂಡರೆ ಇನ್ನೊಂದಕ್ಕೆ ಅಷ್ಟು ಕಡಿಮೆಯಾಗಲೇಬೇಕು. ಆದ್ದರಿಂದ ವ್ಯತ್ಯಾಸಕ್ಕೆ ಸರ್ಕ್ಯೂಟು ಪೂರ್ತಿ ಓಗೊಡುತ್ತದೆ. ಎರಡೂ ಒಟ್ಟಿಗೆ ಹೆಚ್ಚು ಕೇಳಿದರೆ ಬಾಲ ಕೊಡುವುದಿಲ್ಲ. ಇಲ್ಲಿಯೂ ಎಲ್ಲ ಕೀರ್ತಿ ಒಬ್ಬನಿಗೇ ಸಲ್ಲದು: ನರಗಳ ಸಂಕೇತ ಅಳೆಯಲು ಕೇಂಬ್ರಿಡ್ಜ್‌ನ ಬ್ರಯನ್ ಮ್ಯಾಥ್ಯೂಸ್ 1934ರಲ್ಲೇ ಒಂದು ಡಿಫರೆನ್ಷಿಯಲ್ ಆಂಪ್ಲಿಫೈಯರ್ ಪ್ರಕಟಿಸಿದ್ದ.

ಮುಂದೆ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂತು. ಸರ್ಕ್ಯೂಟಿನ ಆಕಾರ ಬದಲಾಗಲಿಲ್ಲ. ಬಾಲ ಇಷ್ಟು ಮುಖ್ಯ ಏಕೆ ಎಂಬುದು ಟ್ರಾನ್ಸಿಸ್ಟರ್ ಜೋಡಿಯ ಲೆಕ್ಕದಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ತಕ್ಕಡಿಯನ್ನು ನೆನಪಿಸಿಕೊಳ್ಳಿ. ಕೋಲಿನ ಎರಡೂ ಕೈ ಒಂದೇ ಉದ್ದವಿದ್ದರೆ ಎರಡು ತಟ್ಟೆಗೂ ಒಂದೊಂದು ಕಿಲೋ ಹೆಚ್ಚಿಗೆ ಹಾಕಿದರೂ ಮುಳ್ಳು ಅಲುಗುವುದಿಲ್ಲ. ಒಂದು ಕೈ ಒಂದಿಷ್ಟು ಉದ್ದವಾಗಿದ್ದರೆ? ಸಮನಾದ ತೂಕಕ್ಕೇ ಮುಳ್ಳು ಒಂದು ಕಡೆ ವಾಲುತ್ತದೆ. ನೋಡುವವರಿಗೆ ಅಲ್ಲಿ ನಿಜವಾಗಿ ವ್ಯತ್ಯಾಸವಿದೆ ಎಂದೇ ಅನ್ನಿಸುತ್ತದೆ.

ಡಿಫರೆನ್ಷಿಯಲ್ ಆಂಪ್ಲಿಫೈಯರ್‌ನಲ್ಲಿ ಆ ಎರಡು ಕೈಗಳೇ ಎರಡು ಟ್ರಾನ್ಸಿಸ್ಟರ್‌ಗಳ ಮೇಲಿನ ಎರಡು ರೆಸಿಸ್ಟರ್‌ಗಳು. ಎರಡೂ 10 ಸಾವಿರ ಓಮ್ ಇರಲಿ. ಬಾಲದ ರೆಸಿಸ್ಟರೂ 10 ಸಾವಿರ ಓಮ್, ಅದರಲ್ಲಿ ಹರಿಯುವುದು 1 ಮಿಲಿಆಂಪ್ ಎಂದಿಟ್ಟುಕೊಳ್ಳೋಣ. ಎರಡು ಟ್ರಾನ್ಸಿಸ್ಟರ್‌ಗಳಿಗೆ ಅರ್ಧರ್ಧ. ಹೀಗಿದ್ದಾಗ ಈ ಜೋಡಿ ವ್ಯತ್ಯಾಸವನ್ನು ಸುಮಾರು 200 ಪಟ್ಟು ಹಿಗ್ಗಿಸುತ್ತದೆ. ಹೃದಯದ 1 ಮಿಲಿವೋಲ್ಟ್ ಹೊರಗೆ ಬರುವಾಗ 200 ಮಿಲಿವೋಲ್ಟ್.

ಈಗ ಎರಡೂ ಕಡೆಗೆ ಕರೆಂಟಿನ ಗದ್ದಲ 1 ವೋಲ್ಟ್ ಸಮನಾಗಿ ಬಂತೆನ್ನಿ. ಬಾಲದ ಕರೆಂಟು 0.1 ಮಿಲಿಆಂಪ್ ಏರುತ್ತದೆ, ಪ್ರತಿ ಬದಿಗೂ 0.05. ಎರಡೂ ಕಡೆ ವೋಲ್ಟೇಜ್ 0.5 ವೋಲ್ಟ್ ಇಳಿಯುತ್ತದೆ. ರೆಸಿಸ್ಟರ್‌ಗಳು ಸಮವಿದ್ದರೆ ವ್ಯತ್ಯಾಸ ಸೊನ್ನೆ, ಗದ್ದಲ ಮಾಯ. ಒಂದು ರೆಸಿಸ್ಟರ್ ಶೇ. 1ರಷ್ಟು ಹೆಚ್ಚಿದ್ದರೆ ಆ ಕಡೆ ಇಳಿಯುವುದು 0.505 ವೋಲ್ಟ್. ನಡುವೆ 5 ಮಿಲಿವೋಲ್ಟ್ ಗದ್ದಲ ಉಳಿಯಿತು. 200ರ ಮುಂದೆ 5, ಸಹಿಸಬಹುದು. ಕಾಲೇಜು ಲ್ಯಾಬ್‌ಗಳಲ್ಲಿ ಸಿಗುವ, ಚಿನ್ನದ ಬಣ್ಣದ ಪಟ್ಟಿಯಿರುವ ರೆಸಿಸ್ಟರ್‌ಗಳು ಶೇ. 5ರಷ್ಟು ಆಚೀಚೆ ಇರಬಹುದು. ದುರದೃಷ್ಟಕ್ಕೆ ಒಂದು ಮೇಲೆ, ಇನ್ನೊಂದು ಕೆಳಗೆ ತಪ್ಪಿದರೆ ವ್ಯತ್ಯಾಸ ಶೇ. 10. ಆಗ ಗದ್ದಲ 50 ಮಿಲಿವೋಲ್ಟ್, ಹೃದಯದ ಸಂಕೇತದ ಕಾಲುಭಾಗ! ಗರಗಸದ ಹಲ್ಲು ಬರುವುದು ಹೀಗೆ.

ಗದ್ದಲವೇ ಇಲ್ಲದಾಗಲೂ ಅಸಮ ರೆಸಿಸ್ಟರ್‌ಗಳು ಸುಮ್ಮನಿರುವುದಿಲ್ಲ. ಪ್ರತಿ ಬದಿಯಲ್ಲೂ ಅರ್ಧ ಮಿಲಿಆಂಪ್ ಹರಿಯುತ್ತಲೇ ಇರುವುದರಿಂದ ಶೇ. 1ರ ಅಸಮತೆ ಹೊರಗಡೆ 50 ಮಿಲಿವೋಲ್ಟಿನ ಸುಳ್ಳು ವ್ಯತ್ಯಾಸ ತೋರಿಸುತ್ತದೆ. ಒಳಗಡೆಯ ಲೆಕ್ಕದಲ್ಲಿ ಅದು ಕಾಲು ಮಿಲಿವೋಲ್ಟ್. ಇದು ಒಂದೇ ಕಡೆ ನಿಂತಿರುವ ಸುಳ್ಳಾದ್ದರಿಂದ ಕಳೆದುಬಿಡುವುದು ಸುಲಭ, ಬಿಸಿ ಏರಿದಾಗ ಅದು ಜಾರುವುದೊಂದೇ ತಲೆನೋವು.

ಪರಿಹಾರ ಎರಡಿವೆ. ಒಂದು, ಹುಡುಕಿ ಅಳೆದು ಸರಿಜೋಡಿ ರೆಸಿಸ್ಟರ್ ಹಾಕುವುದು. ದುಬಾರಿ ಭಾಗ ಹಾಕಿದ ಯಂತ್ರವೇ ಒಳ್ಳೆಯ ಯಂತ್ರ ಎಂಬ ನಂಬಿಕೆಗೆ ಇದರಲ್ಲಿ ಅರ್ಧ ಸತ್ಯವಿದೆ. ಇನ್ನೊಂದು ಬ್ಲೂಮ್‌ಲೈನ್‌ನ ದಾರಿ: ಬಾಲ ಉದ್ದಮಾಡುವುದು. ಬಾಲ 10 ಸಾವಿರ ಓಮ್ ಬದಲು 10 ಲಕ್ಷ ಓಮ್ ಆದರೆ ಅದೇ 1 ವೋಲ್ಟ್ ಗದ್ದಲ ಬಾಲದ ಕರೆಂಟನ್ನು ನೂರರಲ್ಲೊಂದು ಪಾಲು ಮಾತ್ರ ಅಲುಗಿಸುತ್ತದೆ. ಮೇಲಿನ ರೆಸಿಸ್ಟರ್‌ಗಳು ಮೊದಲಿನಷ್ಟೇ ಅಸಮವಾಗಿದ್ದರೂ ಗದ್ದಲ 50ರಿಂದ ಅರ್ಧ ಮಿಲಿವೋಲ್ಟಿಗೆ ಇಳಿಯಿತು. ತಕ್ಕಡಿಯ ಕೈ ಸರಿಮಾಡಲಿಲ್ಲ, ಎರಡೂ ತಟ್ಟೆಗೆ ಬೀಳುತ್ತಿದ್ದ ತೂಕವನ್ನೇ ತಡೆದದ್ದು.

ಹಾಗಾದರೆ 10 ಲಕ್ಷ ಓಮ್‌ನ ರೆಸಿಸ್ಟರನ್ನೇ ಇಟ್ಟುಬಿಡಬಾರದೇ? ಅದರಲ್ಲಿ 1 ಮಿಲಿಆಂಪ್ ಹರಿಸಲು 1000 ವೋಲ್ಟ್ ಬೇಕಾಗುತ್ತದೆ! ಆದ್ದರಿಂದ ಇಂದಿನ ಸರ್ಕ್ಯೂಟುಗಳಲ್ಲಿ ಬಾಲದ ಜಾಗದಲ್ಲಿ ಇನ್ನೊಂದು ಟ್ರಾನ್ಸಿಸ್ಟರ್ ಕೂತು ಕರೆಂಟನ್ನು ಬದಲಾಗದಂತೆ ಹಿಡಿದಿಡುತ್ತದೆ. 1960ರ ದಶಕದಲ್ಲಿ ಬಾಬ್ ವಿಡ್ಲರ್‌ನಂಥವರು ಇದನ್ನೆಲ್ಲ ಒಂದೇ ಚಿಪ್ಪಿನೊಳಗೆ ತಂದರು. ಚಿಪ್ಪಿನಲ್ಲಿ ರೆಸಿಸ್ಟರ್‌ನ ಬೆಲೆ ನಿಖರವಾಗಿ ಬರುವುದು ಕಷ್ಟ. ಆದರೆ ಅಕ್ಕಪಕ್ಕದ ಎರಡು ರೆಸಿಸ್ಟರ್ ಒಟ್ಟಿಗೇ ಹುಟ್ಟಿ ಒಟ್ಟಿಗೇ ಬಿಸಿಯಾಗುವುದರಿಂದ ತಪ್ಪಿದರೂ ಒಂದೇ ಥರ ತಪ್ಪುತ್ತವೆ. ಈ ಜೋಡಿಗೆ ಬೇಕಾದದ್ದೂ ಅಷ್ಟೇ.

ಚಿಪ್ಪು ಎಷ್ಟೇ ಚೆನ್ನಾಗಿದ್ದರೂ ಇಸಿಜಿಯಲ್ಲಿ ಒಂದು ಅಸಮತೆ ಯಂತ್ರದ ಹೊರಗಿರುತ್ತದೆ. ಕೈಗೆ ಹಾಕಿದ ಕ್ಲಿಪ್ಪು, ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ಚರ್ಮಕ್ಕೆ ತಾಗುವ ಜಾಗವೂ ಒಂದು ರೆಸಿಸ್ಟರೇ. ಒಂದು ಕಡೆ ಜೆಲ್ ಒಣಗಿ, ಇನ್ನೊಂದು ಕಡೆ ಸರಿಯಾಗಿ ಕೂತಿದ್ದರೆ ಸಮನಾದ ಗದ್ದಲ ಯಂತ್ರದೊಳಗೆ ಹೋಗುವ ಮೊದಲೇ ಅಸಮವಾಗುತ್ತದೆ. ಟೆಕ್ನಿಷಿಯನ್ ಚರ್ಮ ಒರೆಸಿ, ಜೆಲ್ ಹಚ್ಚಿ, ಕ್ಲಿಪ್ ಮತ್ತೆ ಕೂರಿಸಿ ಇನ್ನೊಮ್ಮೆ ತೆಗೆಯುತ್ತೇನೆ ಎಂದರೆ ದುಡ್ಡಿಗಾಗಿ ಆಟವಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಮಾಡಬೇಕಾದದ್ದನ್ನೇ ಮಾಡುತ್ತಿದ್ದಾರೆ.

1942ರ ಜೂನ್ 7

ಯುದ್ಧ ಬಂದಾಗ ಬ್ಲೂಮ್‌ಲೈನ್ ರೇಡಾರ್ ಕೆಲಸಕ್ಕೆ ತಿರುಗಿದ. ರಾತ್ರಿಯ ಕತ್ತಲಲ್ಲೂ ಮೋಡದ ಮೇಲಿಂದಲೂ ಕೆಳಗಿನ ನೆಲವನ್ನು ತೋರಿಸುವ ಎಚ್‌2ಎಸ್ ಎಂಬ ರೇಡಾರ್ ತಯಾರಾಗುತ್ತಿತ್ತು. ಅದನ್ನು ಹೊತ್ತ ಹ್ಯಾಲಿಫ್ಯಾಕ್ಸ್ ವಿಮಾನ 1942ರ ಜೂನ್ 7ರಂದು ಡೆಫರ್ಡ್ ನೆಲೆಯಿಂದ ಪರೀಕ್ಷೆಗೆ ಹಾರಿತು. ಬ್ಲೂಮ್‌ಲೈನ್ ಅದರಲ್ಲಿದ್ದ, ಇಎಂಐನ ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್ ಮತ್ತು ಫ್ರಾಂಕ್ ಬ್ಲೈದೆನ್ ಕೂಡ. ಬಲಗಡೆಯ ಹೊರ ಎಂಜಿನ್‌ಗೆ ಬೆಂಕಿ ಹತ್ತಿ ರೆಕ್ಕೆಗೆ ಹಬ್ಬಿತು. ಹೆರಿಫರ್ಡ್‌ಶೈರ್‌ನ ವೆಲ್ಷ್ ಬಿಕ್‌ನರ್ ಹಳ್ಳಿಯ ಬಳಿ ವಿಮಾನ ನೆಲಕ್ಕಪ್ಪಳಿಸಿತು. ಒಳಗಿದ್ದ 11 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಬ್ಲೂಮ್‌ಲೈನ್‌ಗೆ ಇನ್ನೂ 39 ತುಂಬಿರಲಿಲ್ಲ. ಹೆಂಡತಿ ಡೋರೀನ್, ಇಬ್ಬರು ಚಿಕ್ಕ ಗಂಡುಮಕ್ಕಳು.

ಸಾವಿನ ಸುದ್ದಿಯನ್ನು ಸರಕಾರ ವರ್ಷಗಳ ಕಾಲ ಬಹಿರಂಗ ಮಾಡಲಿಲ್ಲ. ಇಂಥವರು ಸತ್ತರು ಎಂದರೆ ಇಂಥದೇನೋ ತಯಾರಾಗುತ್ತಿದೆ ಎಂದು ಜರ್ಮನಿಗೆ ತಿಳಿದುಬಿಡುತ್ತದೆ ಎಂಬ ಭಯ. ಗುಟ್ಟು ಇದ್ದಲ್ಲಿ ಪಿತೂರಿಯ ಕಥೆ ಬೆಳೆಯುವುದು ಸುಲಭ. ತನಿಖೆಯಲ್ಲಿ ಸಿಕ್ಕಿದ್ದು ಮಾತ್ರ ಪಿತೂರಿಯಲ್ಲ, ಎಂಜಿನ್ ತಪಾಸಣೆಯಲ್ಲಿ ಸರಿಯಾಗಿ ಬಿಗಿಯದೆ ಬಿಟ್ಟ ಒಂದು ಟ್ಯಾಪೆಟ್ ನಟ್. ಅದು ಸಡಿಲಗೊಂಡು ಕವಾಟದ ದಂಡ ಮುರಿಯಿತು, ಇಂಧನಕ್ಕೆ ಬೆಂಕಿ ಹತ್ತಿತು. ಯಾವ ಬಿಡಿಭಾಗ ತಪ್ಪಿದರೂ ಕೆಲಸ ಕೆಡಬಾರದೆಂದು ಹಟ ಹಿಡಿದಿದ್ದ ಮನುಷ್ಯನಿಗೆ ಇಂಥ ಕೊನೆ ಬಂತಲ್ಲ ಎಂದು ನಮಗೆ ಇದನ್ನು ಓದಿದಾಗಲೆಲ್ಲ ಅನ್ನಿಸುತ್ತದೆ.

ಎಚ್‌2ಎಸ್ 1943ರ ಜನವರಿ ಕೊನೆಗೆ ಯುದ್ಧದಲ್ಲಿ ಬಳಕೆಗೆ ಬಂತು. ಬ್ಲೂಮ್‌ಲೈನ್ ಹೆಸರಲ್ಲಿ 128 ಪೇಟೆಂಟ್‌ಗಳಿದ್ದರೂ ಮೊದಲ ಪೂರ್ಣ ಜೀವನಚರಿತ್ರೆ ಬರಲು 1999 ಆಗಬೇಕಾಯಿತು. ಧ್ವನಿಯ ಕೆಲಸಕ್ಕಾಗಿ ತಾಂತ್ರಿಕ ಗ್ರ್ಯಾಮಿ ಸಿಕ್ಕಿದ್ದು 2017ರಲ್ಲಿ, ಸತ್ತು 75 ವರ್ಷವಾದ ಮೇಲೆ. ಉದ್ದ ಬಾಲದ ಜೋಡಿಗೆ ಯಾರೂ ಪದಕ ಕೊಟ್ಟಂತಿಲ್ಲ. ಅದು ಇಸಿಜಿ ಯಂತ್ರದ ಚಿಪ್ಪಿನಲ್ಲಿದೆ, ಇಯರ್‌ಫೋನ್‌ಗೆ ಹಾಡು ಕಳಿಸುವ ಆಂಪ್ಲಿಫೈಯರ್‌ಗಳ ಒಳಗಿದೆ.

ವಿಮಾನ ಬಿದ್ದ ಜಾಗಕ್ಕೆ ಹತ್ತಿರದಲ್ಲೇ ಗುಡ್‌ರಿಚ್ ಎಂಬ ಹಳೆಯ ಕೋಟೆಯಿದೆ. ಅದರ ಪ್ರಾರ್ಥನಾ ಮಂದಿರದ ಬಣ್ಣದ ಗಾಜಿನ ಒಂದು ಕಿಟಕಿ ಆ ರೇಡಾರ್ ಕೆಲಸದಲ್ಲಿ ಸತ್ತವರ ನೆನಪಿಗೆ ಮೀಸಲು.